ಸಂಜೆ ಇಂಟರ್‌ವ್ಯೂಗೆ 'ಗುಡ್ ನೈಟ್' ಬೇಡ

ನಮಸ್ಕಾರ ರೀ. ಕಲಬುರಗಿಯಲ್ಲಿ ಸಂಜೆ ಆರಕ್ಕೆ ಇಂಟರ್‌ವ್ಯೂ ಇದೆ, ಒಳಗೆ ಹೋದ ತಕ್ಷಣ ಏನನ್ನಬೇಕು, 'ಹಾಯ್ ಸರ್' ನಡೆಯುತ್ತಾ ಅಂತ ಕೇಳಿದ್ದೀರಿ. 'ಗುಡ್ ಈವ್ನಿಂಗ್ ಸರ್' ಅನ್ನಿ, ಹೆಂಗಸರಿದ್ದರೆ 'ಮೇಡಂ', ಅಷ್ಟು ಸಾಕು. ಹೊರಗೆ ಪೂರ್ತಿ ಕತ್ತಲಾಗಿದ್ದರೂ 'ಗುಡ್ ನೈಟ್' ಅನ್ನಬೇಡಿ, ಅದು ಹೊರಡುವಾಗ ಹೇಳುವ ಮಾತು. 'ಹಾಯ್' ತಪ್ಪೇನಲ್ಲ, ಈಗ ಎಷ್ಟೋ ಕಂಪನಿಗಳಲ್ಲಿ ಮ್ಯಾನೇಜರ್‌ಗೂ ಹಾಗೇ ಅಂತಾರೆ, ಆದರೆ ಮೊದಲ ಸಲ ಅವರೇ ಶುರು ಮಾಡಲಿ. 'ವಾಟ್ಸ್ ಅಪ್' ಗೆಳೆಯರ ಜೊತೆ ಮಾತ್ರ.

ಜಾಸ್ತಿ ಜನ ತಡವರಿಸುವುದು 'ಹೌ ಆರ್ ಯೂ' ಅಂದಾಗ. ನಮ್ಮ ಕಡೆ 'ಆರಾಮ ಇದ್ದೀರೇನ್ರೀ' ಅಂದರೆ ಮನೆ ಮಂದಿ, ಮಳೆ, ತೊಗರಿ ರೇಟು ಎಲ್ಲಾ ಬರುತ್ತೆ, ಅಲ್ವಾ? ಅಲ್ಲಿ ಹಾಗಲ್ಲ. 'ಐ ಆಮ್ ಫೈನ್, ಥ್ಯಾಂಕ್ ಯೂ. ಹೌ ಆರ್ ಯೂ?' ಅಂದು ನಿಲ್ಲಿಸಿ, ಮುಂದಿನ ಮಾತು ಅವರು ಎತ್ತುತ್ತಾರೆ. ಯಾರಾದರೂ ಹಳೇ ಕಾಲದವರು 'ಹೌ ಡೂ ಯೂ ಡೂ' ಅಂದರೆ ಗಾಬರಿ ಬೇಡ, ಅದಕ್ಕೆ ಉತ್ತರವೂ 'ಹೌ ಡೂ ಯೂ ಡೂ'ನೇ.

ಆಮೇಲೆ ಮೇಲ್ ಕಳಿಸುವುದಿದ್ದರೆ, 'ಡಿಯರ್ ಸರ್' ಅಂತ ಶುರು ಮಾಡಿದ್ದಕ್ಕೆ ಕೊನೆಯಲ್ಲಿ 'ಯುವರ್ಸ್ ಫೇತ್‌ಫುಲಿ', ಹೆಸರು ಹಾಕಿ ಬರೆದಿದ್ದರೆ 'ಯುವರ್ಸ್ ಸಿನ್ಸಿಯರ್ಲಿ' ಹಾಕಿ. ಧೈರ್ಯವಾಗಿ ಹೋಗಿ ಬನ್ನಿ, ಏನಾಯ್ತು ಅಂತ ಇಲ್ಲೇ ತಿಳಿಸಿ.