ಜೈಸಲ್ಮೇರಿಗೆ ಹೋದರೆ ಮೊದಲು ಕೆರೆ ನೋಡಿ

ಪ್ರಶ್ನೆ: ಅಕ್ಕಾ, ಡಿಸೆಂಬರ್ ರಜೆಗೆ ಜೈಸಲ್ಮೇರಿಗೆ ಹೋಗೋಣ ಅಂತ ಇದ್ದೇವೆ. ನಾವಿಬ್ಬರು, ಹತ್ತು ವರ್ಷದ ಮಗ, ಎಪ್ಪತ್ತು ದಾಟಿದ ಅಮ್ಮ. ಅಲ್ಲಿ ಮೂರು ದಿನ ಸಿಗುತ್ತದೆ. ಮರಳು, ಒಂಟೆ ಬಿಟ್ಟರೆ ಬೇರೆ ಏನಿದೆ? ನಾವು ಸಸ್ಯಾಹಾರಿಗಳು. ಅಮ್ಮನಿಗೆ ರಾತ್ರಿ ಕುಚ್ಚಲಕ್ಕಿ ಗಂಜಿ ಆಗಲೇಬೇಕು.
– ಬದಿಯಡ್ಕದ ಓದುಗರು

ಉತ್ತರ: ಮೊದಲ ದಿನ ಬೆಳಗ್ಗೆ ಬೇಗ ಎದ್ದು ಗಡಿಸರ್ ಕೆರೆಗೆ ಹೋಗಿ. ಎಲ್ಲರೂ ಕೋಟೆ ಅಂತಾರೆ, ನಾನು ಕೆರೆ ಅಂತೇನೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ, ಆದರೂ ಏಪ್ರಿಲ್ ಬಂತೆಂದರೆ ನೀರಿಗೆ ಪರದಾಟ, ಅಲ್ವಾ? ಅಲ್ಲಿ ಬೀಳುವುದು 200 ಮಿ.ಮೀ. ಆಸುಪಾಸು. ಅಷ್ಟರಲ್ಲೇ ಒಂದು ಪೇಟೆ 1156ರಿಂದ ಬದುಕಿದೆ. ನಲ್ಲಿ ಬರುವ ತನಕ ಊರಿಗೆ ಈ ಕೆರೆಯೇ ಆಸರೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಬಂದಿರುತ್ತವೆ. ಮೆಟ್ಟಿಲ ಬಳಿ ಮೀಸೆಯ ಮೀನುಗಳು ಬಾಯಿ ತೆರೆದು ಒಂದರ ಮೇಲೊಂದು ಬೀಳುತ್ತವೆ, ಮಗ ಅಲ್ಲಿಂದ ಬೇಗ ಏಳುವುದಿಲ್ಲ.

ಆಮೇಲೆ ಕೋಟೆ. ನಮ್ಮ ಬೇಕಲ ಕೋಟೆಯಂತೆ ಖಾಲಿ ಅಲ್ಲ, ಒಳಗೆ ಈಗಲೂ ಜನ ಮನೆ ಮಾಡಿಕೊಂಡು ಇದ್ದಾರೆ, ಬಟ್ಟೆ ಒಣಗುತ್ತಿರುತ್ತದೆ, ದನ ಅಡ್ಡ ನಿಂತಿರುತ್ತದೆ. ಸಂಜೆ ಬಿಸಿಲಿಗೆ ಹಳದಿ ಕಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಜೈನ ಬಸದಿಗಳನ್ನು ಬೆಳಗ್ಗೆಯೇ ನೋಡಿ. ಏರುದಾರಿ ಕಲ್ಲುಹಾಸು, ಅಮ್ಮನಿಗೆ ಹಿಡಿತ ಇರುವ ಚಪ್ಪಲಿ ಬೇಕು. ಆದರೆ ದಯವಿಟ್ಟು ಕೋಟೆಯೊಳಗಿನ ಹೋಟೆಲಿನಲ್ಲಿ ಉಳಿಯಬೇಡಿ. ಆ ಗುಡ್ಡದ ಅಡಿಯಲ್ಲಿ ಮೆತ್ತಗಿನ ಕಲ್ಲು, ಜೇಡಿಮಣ್ಣು. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದ ಚರಂಡಿಗಳಿಗೆ ಈಗ ಷವರ್, ಫ್ಲಷ್‌ಗಳ ನೀರು ಹೋಗುತ್ತಿದೆ. ಅದು ಇಂಗಿ ಬುನಾದಿ ಸಡಿಲವಾಗಿ ಕೆಲವು ಬುರುಜುಗಳು ಕುಸಿದಿವೆ. ಕೆಳಗಿನ ಪೇಟೆಯಲ್ಲಿ ಇದ್ದರೆ ಕೋಟೆ ಪೂರ್ತಿ ಕಾಣುತ್ತದೆ, ಅದೂ ಲಾಭವೇ.

ಎರಡನೇ ದಿನ ಮಧ್ಯಾಹ್ನದ ನಂತರ ಕಾರು ಮಾಡಿಕೊಂಡು ಕುಲ್ಧರಾ, ಅಲ್ಲಿಂದ ಮರಳು. ಕುಲ್ಧರಾ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಊರು. ಗೈಡ್‌ಗಳು ದೆವ್ವದ ಕತೆ ಹೇಳುತ್ತಾರೆ. ನೀವು ಖಡೀನ್ ಎಲ್ಲಿದೆ ಎಂದು ಕೇಳಿ. ಇಳಿಜಾರಿನ ಬುಡಕ್ಕೆ ಮಣ್ಣಿನ ಉದ್ದ ಕಟ್ಟ ಹಾಕಿ, ಓಡಿಬರುವ ಮಳೆನೀರನ್ನು ಗದ್ದೆಯಲ್ಲೇ ನಿಲ್ಲಿಸಿ ಇಂಗಿಸುತ್ತಾರೆ, ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ. ಪಾಲಿವಾಲರು ಬೆಳೆಸಿದ ವಿದ್ಯೆ ಇದು. ಗುಡ್ಡ ಕೊರೆದು ಸುರಂಗದಿಂದ ನೀರು ತರುವ ನಮ್ಮ ಕಡೆಯವರಿಗೆ ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ನಿಮ್ಮ ತೋಟದಲ್ಲೂ ಸುರಂಗ ಇದ್ದರೆ ಹೋಗುವ ಮೊದಲು ಮಗನಿಗೆ ತೋರಿಸಿ.

ಮರಳು ದಿಬ್ಬಕ್ಕೆ ಸಮ್ ಎಂಬ ಊರು ಹತ್ತಿರವಾಗುತ್ತದೆ, ಸುಮಾರು 40 ಕಿ.ಮೀ., ಆದರೆ ಜೀಪು, ಮೈಕ್ ಗದ್ದಲ ಜಾಸ್ತಿ. ಅಮ್ಮ ಜೊತೆಗಿದ್ದಾರೆ, ಖೂರಿ ಹಳ್ಳಿಯ ಮರಳಿನ ಕಡೆ ಹೋಗಿ, ನೆಮ್ಮದಿ ಇದೆ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಮ್ಮ ಒಂಟೆ ಗಾಡಿಯಲ್ಲಿ ಕೂರಲಿ. ರಾತ್ರಿ ಚಳಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಸ್ವೆಟರ್, ಕಿವಿಗೆ ಮಫ್ಲರ್ ಬೇಕೇ ಬೇಕು. ಅಲ್ಲಿನ ಜನಪದ ಗಾಯಕರಾದ ಮಾಂಗಣಿಯಾರರ ಹಾಡು ಸಿಕ್ಕಿದರೆ, ಕಮಾಯಚಾ ಎಂಬ ಕಮಾನಿನ ತಂತಿವಾದ್ಯ ನುಡಿಸುವವರ ಹತ್ತಿರ ಕೂತು ಕೇಳಿ.

ಊಟದ ಚಿಂತೆ ಬೇಡ, ಸಸ್ಯಾಹಾರ ಧಾರಾಳ. ಕೇರ್ ಸಾಂಗ್ರಿ ತಿನ್ನದೆ ಬರಬೇಡಿ. ಕೇರ್ ಅಂದರೆ ಮುಳ್ಳುಪೊದೆಯ ಪುಟ್ಟ ಕಾಯಿ, ಸಾಂಗ್ರಿ ಖೇಜ್ರಿ ಮರದ ಕೋಡು. ಎರಡನ್ನೂ ಒಣಗಿಸಿಟ್ಟು, ಬೇಕಾದಾಗ ನೆನೆಸಿ ಪಲ್ಯ ಮಾಡುತ್ತಾರೆ. ನಾವು ಮಳೆಗಾಲಕ್ಕೆ ಹಲಸಿನ ಉಪ್ಪುಸೊಳೆ ಹಾಕಿಡುವ ಹಾಗೆಯೇ. ಮೊದಲ ತುತ್ತಿಗೆ ಒಗರು, ಆಮೇಲೆ ಹುಳಿ, ಖಾರ. ಸಜ್ಜೆ ರೊಟ್ಟಿ ಜೊತೆ ತಿನ್ನಿ. ಗಟ್ಟೆ ಪಲ್ಯ ಕಡಲೆಹಿಟ್ಟು, ಮೊಸರಿನದು, ಅಮ್ಮನಿಗೂ ಹಿಡಿಸುತ್ತದೆ. ದಾಲ್ ಬಾಟಿ, ಅಂದರೆ ತೊವ್ವೆ ಜೊತೆ ಸುಟ್ಟ ಗೋಧಿ ಉಂಡೆ, ಮಧ್ಯಾಹ್ನಕ್ಕೇ ಇರಲಿ, ತುಪ್ಪ ವಿಪರೀತ. ಮನೆಗೆ ಘೋಟುವಾ ಲಾಡು ತನ್ನಿ. ಕುಚ್ಚಲಕ್ಕಿ ಅಲ್ಲಿ ಹುಡುಕುತ್ತಾ ಕೂರಬೇಡಿ. ಎರಡು ಸೇರು ಅಕ್ಕಿ, ಸಣ್ಣ ಕರೆಂಟ್ ಕುಕ್ಕರ್, ಮಾವಿನ ಮಿಡಿ ಕಟ್ಟಿಕೊಳ್ಳಿ. ಕೋಣೆಯಲ್ಲಿ ಬೇಯಿಸಬಹುದಾ ಎಂದು ಮೊದಲೇ ಕೇಳಿಡಿ.

ಪ್ರಶ್ನೆ: ಕೋಣೆ ತುಂಬ ಕಡಿಮೆಗೆ ಸಿಗುತ್ತದಂತೆ, ನಂಬಬಹುದಾ?
– ಮಂಜೇಶ್ವರದ ಓದುಗರು

ಉತ್ತರ: ಜಾಗ್ರತೆ. ನಾನು ಹೋದಾಗ ಅಂಥದೇ ಒಂದು ಕೋಣೆ ಹಿಡಿದಿದ್ದೆ. ಒಂಟೆ ಸವಾರಿ ಅವರ ಕಡೆಯಿಂದ ಬೇಡ ಎಂದ ಕೂಡಲೇ ಬೆಳಗ್ಗೆ ಖಾಲಿ ಮಾಡಿ ಅಂದರು. ಮೊದಲೇ ಕೇಳಿ, ಸವಾರಿ ಕಡ್ಡಾಯ ಅಲ್ಲ ಎಂದು ಫೋನಿನಲ್ಲಿ ಬರೆಸಿಕೊಂಡು ಆಮೇಲೆ ಹಣ ಕಳಿಸಿ.

ಪ್ರಶ್ನೆ: ರೈಲಿನಲ್ಲಿ ಹೋಗುವುದು ಹೇಗೆ?
– ಕುಂಬಳೆಯ ಓದುಗರು

ಉತ್ತರ: ಕೊಂಕಣ ದಾರಿಯಲ್ಲಿ ರಾಜಸ್ಥಾನಕ್ಕೆ ವಾರದ ಗಾಡಿಗಳಿವೆ. ಜೋಧಪುರ ತಲುಪಿದರೆ ಜೈಸಲ್ಮೇರಿಗೆ ರೈಲಿನಲ್ಲಿ ಮತ್ತೆ ಐದಾರು ಗಂಟೆ. ಜೋಧಪುರದಲ್ಲಿ ಒಂದು ರಾತ್ರಿ ನಿಂತು, ಬೆಳಗ್ಗೆ ಬಿಸಿ ಈರುಳ್ಳಿ ಕಚೋರಿ ತಿಂದು ಹೊರಡಿ.