ಹಳೇ ಸ್ಟೀರಿಯೋ ರಿಸೀವರ್: ಕಿಟ್ ಬಿಚ್ಚೋ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಸರ್, ನಮ್ಮ ತಂದೆಯವರ ಕಾಲದ, 1970ರ ದಶಕದ ಸ್ಟೀರಿಯೋ ರಿಸೀವರ್ ಒಂದಿದೆ. ಹತ್ತು ವರ್ಷ ಅಟ್ಟದ ಮೇಲಿತ್ತು. ಈಗ ಆನ್ ಮಾಡಿದರೆ ಡಯಲ್ ದೀಪ ಹತ್ತುತ್ತದೆ, ಎಡಗಡೆ ಸ್ಪೀಕರ್ ಹಾಡುತ್ತದೆ, ಬಲಗಡೆಯದು ಸುಮ್ಮನಿರುತ್ತದೆ. ಜೊತೆಗೆ ಗುಂಯ್ ಅನ್ನೋ ಸದ್ದು. ಇದೇ ಮಾಡೆಲ್‌ಗೆಂದು ಮಾಡಿರುವ ಕಿಟ್ ತರಿಸಿದ್ದೇನೆ. ಕೆಪಾಸಿಟರ್, ಟ್ರಾನ್ಸಿಸ್ಟರ್, ರಿಲೇ ಎಲ್ಲ ಸೇರಿ 90 ಬಿಡಿಭಾಗ ಇವೆ. ಒಂದು ಭಾನುವಾರ ಕೂತು ಎಲ್ಲ ಹಾಕಿಬಿಡಲೇ?

ಉತ್ತರ: ಬೇಡ. ಕಿಟ್ ಡಬ್ಬಿ ಮುಚ್ಚಿ ಪಕ್ಕಕ್ಕಿಡಿ. ಈಗ ನೀವು ಹುಡುಕಬೇಕಾಗಿರೋದು ಒಂದೋ ಎರಡೋ ತೊಂದರೆ. 90 ಭಾಗ ಒಟ್ಟಿಗೆ ಬದಲಿಸಿ ಆಮೇಲೂ ಬಲಗಡೆ ಹಾಡದಿದ್ದರೆ, ಹಳೇ ತೊಂದರೆಯ ಜೊತೆಗೆ ನೀವೇ ಹಾಕಿದ ಸುಮಾರು 200 ಬೆಸುಗೆಗಳನ್ನೂ ಅನುಮಾನಿಸಬೇಕಾಗುತ್ತದೆ. ರಿಪೇರಿಗೆ ಬರುವ ಸೆಟ್‌ಗಳಲ್ಲಿ ನನಗೆ ಜಾಸ್ತಿ ತಲೆನೋವು ಕೊಡೋದು ಕೆಟ್ಟುಹೋದ ಸೆಟ್ ಅಲ್ಲ, ಯಾರೋ ಪೂರ್ತಿ ಕಿಟ್ ಹಾಕಿ ಅರ್ಧಕ್ಕೆ ಕೈಬಿಟ್ಟ ಸೆಟ್.

ಮುಚ್ಚಳ ತೆಗೆಯದೆಯೇ ಎಷ್ಟೋ ವಿಷಯ ಗೊತ್ತಾಗುತ್ತದೆ. ಟೇಪ್ ಮಾನಿಟರ್ ಸ್ವಿಚ್ಚು, ಮೋನೋ ಸ್ವಿಚ್ಚು, ಸ್ಪೀಕರ್ ಆರಿಸುವ ಗುಂಡಿ, ಇವನ್ನು ಒಂದೊಂದಾಗಿ 20-30 ಸಲ ಹಿಂದೆಮುಂದೆ ಆಡಿಸಿ. ವರ್ಷಗಟ್ಟಲೆ ಮುಟ್ಟದ ಸ್ವಿಚ್ಚಿನ ಒಳಗೆ ಕಪ್ಪು ಪದರ ಕಟ್ಟಿರುತ್ತದೆ. ಬಲಗಡೆ ಸದ್ದು ಬಾರದ್ದಕ್ಕೆ ಅಷ್ಟೇ ಕಾರಣ ಇದ್ದರೂ ಇರಬಹುದು. ವಾಲ್ಯೂಮ್ ಒಂದು ಕ್ಷಣ ಏರಿಸಿದಾಗ ಪಟ್ಟಂತ ಬಲಗಡೆಯೂ ಹಾಡಿದರೆ, ಸ್ಪೀಕರ್ ರಿಲೇಯ (ಸೆಟ್ ಆನ್ ಆದ ಮೇಲೆ ಕ್ಲಿಕ್ ಅಂತ ಸ್ಪೀಕರ್ ಜೋಡಿಸುವ ಒಳಗಿನ ಸ್ವಿಚ್ಚು) ಕಾಂಟ್ಯಾಕ್ಟ್ ಮಾಸಿದೆ ಅಂತ ತಿಳಿಯಿರಿ.

ಅದಲ್ಲವಾದರೆ ಸೆಟ್‌ನ ಬೆನ್ನು ನೋಡಿ. ಆ ಕಾಲದ ಎಷ್ಟೋ ರಿಸೀವರ್‌ಗಳಲ್ಲಿ ಪ್ರೀ-ಔಟ್, ಮೇನ್-ಇನ್ ಅಂತ ಎರಡು ಜೋಡಿ ತೂತು ಇದ್ದು, ನಡುವೆ ಚಿಕ್ಕ ಲೋಹದ ಕೊಂಡಿ ಇರುತ್ತದೆ. ಸೆಟ್ ಆಫ್ ಮಾಡಿ ಆ ಕೊಂಡಿ ತೆಗೆಯಿರಿ. ಮಾಮೂಲಿ ಆಡಿಯೋ ಕೇಬಲ್‌ನಿಂದ ಪ್ರೀ-ಔಟ್ ಎಡವನ್ನು ಮೇನ್-ಇನ್ ಬಲಕ್ಕೆ, ಪ್ರೀ-ಔಟ್ ಬಲವನ್ನು ಮೇನ್-ಇನ್ ಎಡಕ್ಕೆ ಜೋಡಿಸಿ. ಈಗ ಎಡಗಡೆ ಸ್ಪೀಕರ್ ಮೌನವಾದರೆ ತೊಂದರೆ ಪ್ರೀಆಂಪ್ (ವಾಲ್ಯೂಮ್, ಟೋನ್ ಇರುವ ಮೊದಲ ಭಾಗ) ಕಡೆ. ಬಲಗಡೆಯದೇ ಮೌನವಾಗಿದ್ದರೆ ಪವರ್ ಆಂಪ್ (ಸ್ಪೀಕರ್ ಓಡಿಸುವ ಕೊನೆಯ ಭಾಗ) ಕಡೆ, ಇಲ್ಲವೇ ರಿಲೇ. ಐದು ನಿಮಿಷದ ಕೆಲಸ, ಅರ್ಧ ಸೆಟ್ ಅನುಮಾನದಿಂದ ಹೊರಗೆ ಹೋಯ್ತು.

ಗುಂಯ್ ಸದ್ದಿಗೂ ಹೀಗೇ ಒಂದು ಪರೀಕ್ಷೆ ಇದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ ಕೇಳಿದರೆ ಪವರ್ ಸಪ್ಲೈ ಅಥವಾ ಪವರ್ ಆಂಪ್. ವಾಲ್ಯೂಮ್ ಜೊತೆಗೆ ಏರಿ ಇಳಿದರೆ, ವಾಲ್ಯೂಮ್‌ಗಿಂತ ಮುಂಚಿನ ಭಾಗ.

ಇನ್ನು ಮುಚ್ಚಳ ತೆಗೆಯಬಹುದು. ಪ್ಲಗ್ ಕಿತ್ತರೆ ಸಾಲದು. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಕರೆಂಟ್ ಹಿಡಿದುಕೊಂಡೇ ಕೂತಿರುತ್ತವೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಫಟ್ ಅನ್ನಿಸೋದು ಬೇಡ. 1 ಕಿಲೋ ಓಮ್, 5 ವಾಟ್ ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಎರಡು ತುದಿಗೆ ಸಿಕ್ಕಿಸಿ. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಖಾಲಿಯಾಗಲು ಸುಮಾರು 50 ಸೆಕೆಂಡ್ ಬೇಕು. ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.

ಒಳಗೆ ಕೆಪಾಸಿಟರ್‌ಗಳ ಬುಡದಲ್ಲಿ ಬೆಲ್ಲದ ಪಾಕ ಹೆಪ್ಪುಗಟ್ಟಿದ ಹಾಗೆ ಕಂದು ಬಣ್ಣದ್ದು ಕಂಡರೆ ಗಾಬರಿ ಬೇಡ. ಕೆಪಾಸಿಟರ್ ಸೋರಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಫ್ಯಾಕ್ಟರಿಯಲ್ಲಿ ಅಲುಗದಿರಲೆಂದು ಹಚ್ಚಿದ ಅಂಟು. ಹಾಗಂತ ಬಿಟ್ಟುಬಿಡಬೇಡಿ. ತಿಳಿ ಬಣ್ಣದಲ್ಲಿದ್ದ ಆ ಅಂಟು ಶಾಖಕ್ಕೆ ಕಪ್ಪಗಾಗುತ್ತಾ ಕರೆಂಟ್ ಹಾಯಿಸಲು ಶುರು ಮಾಡುತ್ತದೆ, ಪಕ್ಕದ ರೆಸಿಸ್ಟರ್, ಡಯೋಡ್‌ಗಳ ಕಾಲನ್ನು ತಿನ್ನುತ್ತದೆ. ಒಂದು ಸೆಟ್‌ನಲ್ಲಿ ನಾನು ಅಂಟು ಕೆರೆಯುತ್ತಿದ್ದಾಗ ಡಯೋಡ್‌ನ ಕಾಲು ಹಸಿರುಗಟ್ಟಿ ಪುಡಿಯಾಗಿ ಕೈಗೇ ಬಂತು. ಆ ಸೆಟ್‌ನ ರೋಗವೇ ಅದಾಗಿತ್ತು. ಅಂಥ ಡಯೋಡ್ ಯಾವ ಕಿಟ್‌ನಲ್ಲೂ ಇರಲಿಲ್ಲ, ನೋಡಿ. ಬಿದಿರು ಕಡ್ಡಿ, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್, ತಾಳ್ಮೆ ಇದ್ದರೆ ಅಂಟು ಬಿಡುತ್ತದೆ.

ತೊಂದರೆ ಸಿಕ್ಕಿ ಎರಡೂ ಕಡೆ ಹಾಡಲು ಶುರುವಾದ ಮೇಲೆ ಕಿಟ್ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬೋರ್ಡ್. ಮೊದಲು ಪವರ್ ಸಪ್ಲೈ. ಒಂದು ಕೆಪಾಸಿಟರ್ ತೆಗೆದು, ಅದರ ಜಾಗಕ್ಕೆ ಒಂದು ಹಾಕಿ, ಆಮೇಲೆ ಇನ್ನೊಂದು. ಎಲ್ಲ ಕಿತ್ತು ಗುಡ್ಡೆ ಹಾಕಿಕೊಳ್ಳಬೇಡಿ. ಬೋರ್ಡ್ ಮುಗಿದ ಕೂಡಲೇ ಸೆಟ್ ಆನ್ ಮಾಡಿ, ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದ ವೋಲ್ಟೇಜ್ ಬರುತ್ತಿದೆಯೇ ನೋಡಿ.

ಆನ್ ಮಾಡುವುದು ಸೀರೀಸ್ ಬಲ್ಬ್ ಮೂಲಕ, ಅಂದರೆ ಸೆಟ್ಟಿಗೆ ಹೋಗುವ ಕರೆಂಟ್ ಮೊದಲು ಬಲ್ಬಿನ ಮೂಲಕ ಹಾಯುವ ಹಾಗೆ. 60 ಅಥವಾ 100 ವಾಟ್‌ನ ಹಳೇ ತಂತಿ ಬಲ್ಬ್, ಎಲ್‌ಇಡಿ ನಡೆಯುವುದಿಲ್ಲ. ಸ್ಪೀಕರ್ ಕಿತ್ತಿರಲಿ. ಬಲ್ಬ್ ಒಮ್ಮೆ ಜೋರಾಗಿ ಹೊಳೆದು ಮಂಕಾದರೆ ಸರಿ. ಹೊಳೆಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಮಂಕಾದ ಮೇಲೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸ್ಪೀಕರ್ ಹಾಕಬಹುದು. ರಿಲೇ ಕ್ಲಿಕ್ ಅನ್ನದಿದ್ದರೆ ಟರ್ಮಿನಲ್‌ನಲ್ಲಿ ಸೊನ್ನೆಯೇ ಕಾಣುತ್ತದೆ, ಅದನ್ನು ನಂಬಬೇಡಿ. ರಿಲೇಗಿಂತ ಮುಂಚೆ ಅಳೆಯಿರಿ.

ಪ್ರಶ್ನೆ: ಕಿಟ್‌ನಲ್ಲಿ ಬಂದ ಕೆಪಾಸಿಟರ್‌ಗಳು ಹಳೆಯದಕ್ಕೆ ಹೊಂದುತ್ತಿಲ್ಲ. 25 ವೋಲ್ಟ್ ಇದ್ದಲ್ಲಿ 50 ವೋಲ್ಟ್ ಕೊಟ್ಟಿದ್ದಾರೆ. 1 ಮೈಕ್ರೋಫ್ಯಾರಡ್ ಜಾಗಕ್ಕೆ ಪ್ಲಸ್-ಮೈನಸ್ ಗುರುತೇ ಇಲ್ಲದ ಚೌಕದ ಡಬ್ಬಿ ಥರದ್ದು ಬಂದಿದೆ. ತಪ್ಪಿ ಕಳಿಸಿದ್ದಾರಾ?

ಉತ್ತರ: ಇಲ್ಲ, ತಿಳಿದವರೇ ಕಳಿಸಿದ್ದಾರೆ. ವೋಲ್ಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು ಅಷ್ಟೇ. ಶಾಖ ತಾಳುವ ಮಿತಿ 85 ಡಿಗ್ರಿ ಇದ್ದಲ್ಲಿ 105 ಡಿಗ್ರಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕೆಲಸ ಮಾಡುವ ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನೋದು ಈ ಕೆಲಸದವರ ಲೆಕ್ಕ.

ಆ ಚೌಕದ ಡಬ್ಬಿ ಫಿಲ್ಮ್ ಕೆಪಾಸಿಟರ್. ಒಳಗೆ ದ್ರವ ಇಲ್ಲ, ಒಣಗೋದೂ ಇಲ್ಲ. ಹೇಗೆ ಹಾಕಿದರೂ ಸರಿ. ಎಲೆಕ್ಟ್ರೋಲಿಟಿಕ್ ಹಾಗಲ್ಲ, ತಿರುಗಿಸಿ ಹಾಕಿದರೆ ಉಬ್ಬಿ ಸಿಡಿಯುತ್ತದೆ. ಬೋರ್ಡಿನ ಮೇಲೆ ಅಚ್ಚಾದ ಗುರುತನ್ನು ಕುರುಡಾಗಿ ನಂಬಬೇಡಿ. ಕೆಲವು ಬೋರ್ಡಿನಲ್ಲಿ ಅರ್ಧ ಚಂದ್ರದ ಗುರುತು ಮೈನಸ್ ಕಡೆಗಿರುತ್ತದೆ, ಕೆಲವದರಲ್ಲಿ ಪ್ಲಸ್ ಕಡೆಗೆ. ಅಪರೂಪಕ್ಕೆ ಅಚ್ಚೇ ತಪ್ಪಿರುತ್ತದೆ. ಬಿಚ್ಚೋ ಮುಂಚೆ ಪ್ರತಿ ಬೋರ್ಡಿನ ನಾಲ್ಕೈದು ಫೋಟೋ ತೆಗೆದಿಡಿ.

ರೇಡಿಯೋ ಟ್ಯೂನರ್ ಭಾಗದ ಸಣ್ಣ ಸೆರಾಮಿಕ್, ಮೈಕಾ ಕೆಪಾಸಿಟರ್‌ಗಳ ತಂಟೆಗೆ ಮಾತ್ರ ಹೋಗಬೇಡಿ. ಅವು ಹಾಳಾಗೋದು ಅಪರೂಪ. ಬದಲಿಸಿದರೆ ಸ್ಟೇಷನ್ ಡಯಲ್‌ನಲ್ಲಿ ಜಾಗ ಬಿಟ್ಟು ಕೂರುತ್ತದೆ. ಅದನ್ನು ಸರಿ ಮಾಡಲು ಸಿಗ್ನಲ್ ಜನರೇಟರ್ ಬೇಕು.

ಪ್ರಶ್ನೆ: ಕಿಟ್‌ನಲ್ಲಿರುವ ಟ್ರಾನ್ಸಿಸ್ಟರ್ ಎಲ್ಲ ಬದಲಿಸಬೇಕಾ? ನನ್ನ ಸೆಟ್‌ನಲ್ಲಿ ಮಳೆ ಸುರಿದ ಹಾಗೆ ಸುಯ್ ಸದ್ದು ಮಾತ್ರ ಬರುತ್ತದೆ.

ಉತ್ತರ: ಸುಯ್ ಸದ್ದು ಬರುವ ಕಡೆಯವನ್ನು ಬದಲಿಸಿ. 2ಎಸ್‌ಎ726ರಂಥ ಕೆಲವು ಹಳೇ ಟ್ರಾನ್ಸಿಸ್ಟರ್‌ಗಳು ಕಾಲಕ್ರಮೇಣ ಸದ್ದು ಮಾಡುವುದಕ್ಕೇ ಹೆಸರುವಾಸಿ. ಅವುಗಳ ಜಾಗಕ್ಕೆ ಕೆಎಸ್‌ಎ992, ಅದರ ಜೋಡಿ ಕೆಎಸ್‌ಸಿ1845 ಸಾಮಾನ್ಯವಾಗಿ ಹಾಕುತ್ತಾರೆ. ಹೀಟ್ ಸಿಂಕ್ ಮೇಲಿನ ದೊಡ್ಡ ಔಟ್‌ಪುಟ್ ಟ್ರಾನ್ಸಿಸ್ಟರ್ ಚೆನ್ನಾಗಿದ್ದರೆ ಮುಟ್ಟಬೇಡಿ. ಮಾರುಕಟ್ಟೆಯಲ್ಲಿ ಅವುಗಳ ನಕಲಿ ಜಾಸ್ತಿ. 50 ವರ್ಷ ದುಡಿದ ಅಸಲಿಯನ್ನು ತೆಗೆದು ಗೊತ್ತಿಲ್ಲದ ಹೊಸದನ್ನು ಹಾಕೋದರಲ್ಲಿ ಅರ್ಥವಿಲ್ಲ.

ಕಾಲುಗಳ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಮ್ಮೆ ಫೋನೋ ಬೋರ್ಡಿಗೆ (ರೆಕಾರ್ಡ್ ಪ್ಲೇಯರ್ ಸದ್ದು ಏರಿಸುವ ಬೋರ್ಡ್) ಬೇಕಾದ ಟ್ರಾನ್ಸಿಸ್ಟರ್ ಕೈಯಲ್ಲಿ ಇರಲಿಲ್ಲ. ಡ್ರಾಯರ್‌ನಲ್ಲಿ ಬಿಸಿ550 ಇತ್ತು. ಅದೂ ಸದ್ದು ಕಡಿಮೆ ಇರೋದೇ ಅಲ್ವಾ ಅಂತ ಹಳೆಯದು ಹೇಗೆ ನಿಂತಿತ್ತೋ ಹಾಗೇ ನಿಲ್ಲಿಸಿದೆ. ಬೋರ್ಡ್ ಪೂರ್ತಿ ಮೌನ. ರಾತ್ರಿ ಹನ್ನೊಂದರವರೆಗೆ ಕೆಪಾಸಿಟರ್ ಒಂದೊಂದನ್ನೂ ಅಳೆದೆ. ಕೊನೆಗೆ ಡೇಟಾಶೀಟ್ ತೆಗೆದಾಗ ಗೊತ್ತಾಯ್ತು. ಚಪ್ಪಟೆ ಮುಖ ನಮ್ಮ ಕಡೆಗಿಟ್ಟರೆ, ಜಪಾನಿನ ಸಣ್ಣ ಟ್ರಾನ್ಸಿಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿಸಿ550ಯಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಅಮೆರಿಕದ 2ಎನ್5551ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಅವತ್ತಿನಿಂದ ಟ್ರಾನ್ಸಿಸ್ಟರ್ ಕೈಗೆತ್ತಿಕೊಂಡರೆ ಡೇಟಾಶೀಟ್ ಮುಂದಿರಲೇಬೇಕು.

ಪವರ್ ಆಂಪ್ ಬೋರ್ಡಿನಲ್ಲಿ ಏನೇ ಬದಲಿಸಿದರೂ ಬಯಾಸ್ (ಹಾಡು ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಸಣ್ಣ ಕರೆಂಟ್) ಹೊಸದಾಗಿ ಹೊಂದಿಸಬೇಕು. ಬೋರ್ಡಿನ ಮೇಲಿನ ಟ್ರಿಮ್ಮರ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಕಂಟ್ರೋಲ್) ಅನ್ನು ಬಯಾಸ್ ಅತಿ ಕಡಿಮೆ ಇರುವ ಕಡೆಗೆ ತಿರುಗಿಸಿ ಶುರು ಮಾಡಿ. ಎಮಿಟರ್ ರೆಸಿಸ್ಟರ್‌ನ ಎರಡು ತುದಿಗೆ ಮೀಟರ್ ಇಡಿ. 0.5 ಓಮ್ ಮೇಲೆ 20 ಮಿಲಿವೋಲ್ಟ್ ಅಂದರೆ 40 ಮಿಲಿಆಂಪ್ ಹರಿಯುತ್ತಿದೆ ಅಂತ. ಎಷ್ಟಿರಬೇಕು ಅನ್ನೋದನ್ನು ನಿಮ್ಮ ಮಾಡೆಲ್‌ನ ಮ್ಯಾನುಯಲ್ ಹೇಳುತ್ತದೆ. ಈ ಅಳತೆ ಮಾಡುವಾಗ ಸೀರೀಸ್ ಬಲ್ಬ್ ಇರಬಾರದು, ಲೆಕ್ಕ ತಪ್ಪುತ್ತದೆ. ಅರ್ಧ ಗಂಟೆ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ.

ಪ್ರಶ್ನೆ: ಫಿಲ್ಟರ್ ಕೆಪಾಸಿಟರ್ ದೊಡ್ಡದು ಹಾಕಿದರೆ 35 ವಾಟ್ ಸೆಟ್ 50 ವಾಟ್ ಆಗುತ್ತಾ?

ಉತ್ತರ: ಆಗುವುದಿಲ್ಲ. ಪವರ್ ಎಷ್ಟು ಅನ್ನೋದು ಟ್ರಾನ್ಸ್‌ಫಾರ್ಮರ್ ಮತ್ತು ಅದು ಕೊಡುವ ವೋಲ್ಟೇಜ್ ಮೇಲೆ ನಿಂತಿದೆ. ಸ್ವಲ್ಪ ದೊಡ್ಡದು ಹಾಕಿದರೆ ಪರವಾಗಿಲ್ಲ. ಎರಡು ಮೂರು ಪಟ್ಟು ಹಾಕಿದರೆ ಆನ್ ಮಾಡಿದ ಕ್ಷಣಕ್ಕೆ ನುಗ್ಗುವ ಕರೆಂಟ್ ಪವರ್ ಸ್ವಿಚ್ಚನ್ನೂ ರೆಕ್ಟಿಫೈಯರನ್ನೂ ಸುಡುತ್ತಾ ಬರುತ್ತದೆ. ಹಳೇ ಪವರ್ ಸ್ವಿಚ್ಚಿಗೆ ಹೊಂದುವಂಥದ್ದು ಹುಡುಕೋದು ಕೆಪಾಸಿಟರ್ ಹುಡುಕುವುದಕ್ಕಿಂತ ಕಷ್ಟ. ಅಂದಹಾಗೆ, 35 ವಾಟ್ ಕಡಿಮೆ ಅಂತ ಬೇಜಾರು ಬೇಡ. ಅಮೆರಿಕದಲ್ಲಿ 1974ರಲ್ಲಿ ಪವರ್ ಅನ್ನು ಹೇಗೆ ಅಳೆದು ಹೇಳಬೇಕು ಅಂತ ನಿಯಮ ಬಂತು. ಆಮೇಲೆ ಅಲ್ಲಿಗೆಂದು ಮಾಡಿದ ಸೆಟ್‌ಗಳಲ್ಲಿ ಬರೆದ ವಾಟ್ ಸಾಮಾನ್ಯವಾಗಿ ನಂಬುವಂಥದ್ದು. ಯಾರ ವಾಟ್ ಜಾಸ್ತಿ ಅನ್ನೋ ಕಂಪನಿಗಳ ಪೈಪೋಟಿಯಲ್ಲಿ 1978ರ ಹೊತ್ತಿಗೆ ಪಯೋನಿಯರ್ ಎಸ್‌ಎಕ್ಸ್-1980 ಒಂದೊಂದು ಕಡೆಗೆ 270 ವಾಟ್‌ಗೆ ಹೋಗಿತ್ತು. ಅಷ್ಟು ಪವರ್ ಮನೆಯಲ್ಲಿ ಯಾರಿಗೆ ಬೇಕು ಹೇಳಿ.

ಪ್ರಶ್ನೆ: ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಕಿಟ್‌ನಲ್ಲಿ ವಾಲ್ಯೂಮ್ ಕಂಟ್ರೋಲ್ ಇಲ್ಲ.

ಉತ್ತರ: ಬೇಕಾಗುವುದೂ ಕಡಿಮೆ. ಸೆಟ್ ಆಫ್ ಮಾಡಿ, ಕಂಟ್ರೋಲ್‌ನ ಕಾಲುಗಳ ಹತ್ತಿರ ಕಾಣುವ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿಯಷ್ಟು ಬಿಡಿ. ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿ, ಒಂದು ರಾತ್ರಿ ಆರಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಹೊಡೆಯಬೇಡಿ, ಅದಕ್ಕೆ ಧೂಳು ಅಂಟಿ ಆರು ತಿಂಗಳಿಗೆ ಇನ್ನೂ ಜೋರಾಗಿ ಕರಕರ ಅನ್ನುತ್ತದೆ. ಕ್ಲೀನರ್ ಬಿಟ್ಟ ಮೇಲೂ ಸದ್ದು ಹೋಗದಿದ್ದರೆ ಕಂಟ್ರೋಲ್‌ನ ಕಾಲಿನಲ್ಲಿ ಡಿಸಿ ಅಳೆಯಿರಿ. ಅಲ್ಲಿ ವೋಲ್ಟೇಜ್ ಸಿಕ್ಕರೆ ಕಂಟ್ರೋಲ್‌ದು ತಪ್ಪಿಲ್ಲ, ಅದರ ಹಿಂದಿನ ಅಥವಾ ಮುಂದಿನ ಕಪ್ಲಿಂಗ್ ಕೆಪಾಸಿಟರ್ (ಹಾಡನ್ನು ಬಿಟ್ಟು ಡಿಸಿಯನ್ನು ತಡೆಯುವಂಥದ್ದು) ಲೀಕ್ ಆಗುತ್ತಿದೆ. ಅದು ನಿಮ್ಮ ಕಿಟ್‌ನಲ್ಲಿ ಇದ್ದೇ ಇರುತ್ತದೆ.