ಅಮ್ಮನ ನೋವಿನ ಮಾತ್ರೆ ಜೊತೆ ಡೋಲೋ ಕೊಡ್ಬಹುದಾ ಅಂತ ಕೇಳಿದ್ರಲ್ಲ

ಮೊಣಕಾಲು ಆಪರೇಷನ್ ಆಗಿ ಹತ್ತು ದಿನ, ಅಲ್ಟ್ರಾಸೆಟ್ ದಿನಕ್ಕೆ ಮೂರು, ಆದ್ರೂ ರಾತ್ರಿ ನೋವು ಅಂತ ಡೋಲೋ 650 ಸೇರಿಸೋದಾ ಅಂತ ಕೇಳಿದೀರಿ. ಡಾಕ್ಟ್ರನ್ನ ಕೇಳ್ದೆ ಬೇಡ ಮೇಡಂ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರೋದನ್ನ ಓದಿ, ಅಲ್ಟ್ರಾಸೆಟ್ ಒಳಗೇ ಟ್ರಮಡಾಲ್ ಅನ್ನೋ ಜೋರು ನೋವಿನ ಔಷಧಿ 37.5 ಮಿಲಿಗ್ರಾಂ, ಜೊತೆಗೆ ಪ್ಯಾರಸಿಟಮಾಲ್ 325 ಮಿಲಿಗ್ರಾಂ ಇರತ್ತೆ, ಡೋಲೋನೂ ಪ್ಯಾರಸಿಟಮಾಲ್ಲೇ. ದೊಡ್ಡೋರಿಗೆ ಪ್ಯಾರಸಿಟಮಾಲ್ ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ದಾಟಬಾರ್ದು, ವಯಸ್ಸಾದವರಿಗೆ, ಲಿವರ್ ತೊಂದ್ರೆ ಇರೋರಿಗೆ ಅದಕ್ಕಿಂತ ಕಮ್ಮೀನೇ ಹೇಳ್ತಾರೆ. ಮನೇಲಿರೋ ನೆಗಡಿ ಮಾತ್ರೆಲೂ ಎಷ್ಟೋ ಸಲ ಅದೇ ಇರತ್ತೆ, ಲೆಕ್ಕ ತಪ್ಪೋದೇ ಅಲ್ಲಿ.

ಅದಕ್ಕಿಂತ ಮುಖ್ಯ, ಅಮ್ಮ ನಿದ್ದೆ ಮಾತ್ರೆ ತಗೋತಾರಾ? ನಮ್ಮಪ್ಪ ಮೊದ್ಲಿಂದ ನಿದ್ದೆಗೆ ಅಂತ ಆಲ್ಪ್ರಜೋಲಾಮ್ ತಗೋತಿದ್ರು, ಅದನ್ನ ಡಾಕ್ಟ್ರಿಗೆ ಹೇಳೋದೇ ಮರ್ತುಬಿಟ್ವಿ, ಟ್ರಮಡಾಲ್ ಶುರುವಾದ ಎರಡನೇ ಬೆಳಿಗ್ಗೆ ಎಷ್ಟು ಅಲ್ಲಾಡಿಸಿದ್ರೂ ಕಣ್ಣು ಬಿಡ್ಲಿಲ್ಲ, ಉಸಿರು ತುಂಬಾ ನಿಧಾನ, ತುಟಿ ಬಣ್ಣ ಬದಲಾಗಿತ್ತು, ಎದ್ದುಬಿದ್ದು ಎಮರ್ಜೆನ್ಸಿಗೆ ಓಡಿದ್ವಿ. ಎರಡೂ ಸೇರಿದ್ರೆ ಉಸಿರಾಟಾನೇ ಕುಗ್ಗತ್ತೆ. ಹಾಗೇನಾದ್ರೂ ಕಂಡ್ರೆ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಡಿಪ್ರೆಶನ್ ಮಾತ್ರೆ ಇದ್ರೂ, ಹಿಂದೆ ಫಿಟ್ಸ್ ಬಂದಿದ್ರೂ ಟ್ರಮಡಾಲ್ ತೊಂದ್ರೆ ಕೊಡಬಹುದು, ಡಾಕ್ಟ್ರಿಗೆ ಮುಚ್ಚಿಡ್ದೆ ಹೇಳಿ.

ಈ ಮಾತ್ರೆಗೆ ಮಲಬದ್ಧತೆ ಆಗೋದು ಸಾಮಾನ್ಯ, ಅದಕ್ಕೂ ಔಷಧಿ ಬರೆಸ್ಕೊಳ್ಳಿ. ರಾತ್ರಿ ಬಾತ್ರೂಮಿಗೆ ಒಬ್ರನ್ನೇ ಬಿಡ್ಬೇಡಿ, ತಲೆ ತಿರುಗತ್ತೆ. ನಾಳೆ ಬೆಳಿಗ್ಗೆನೇ ಎಲ್ಲಾ ಸ್ಟ್ರಿಪ್ಪೂ ಒಂದು ಕವರಲ್ಲಿ ಹಾಕ್ಕೊಂಡು ಆಪರೇಷನ್ ಮಾಡಿದ ಡಾಕ್ಟ್ರ ಹತ್ರ ಹೋಗಿ, ರಾತ್ರಿ ಡೋಸ್ ಟೈಮ್ ಬದಲಾಯಿಸಬಹುದಾ ಕೇಳಿ.